ಲಾವಾ ಹರಿದು ಖಾಲಿಯಾದ ದಾರಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಹವಾಯಿಯ ಕಜುಮುರಾ ಗುಹೆ ಬಗ್ಗೆ ಒಂದು ಸಣ್ಣ ಬಾಕ್ಸ್ ಹಾಕಿದ್ವಿ. ಜಗತ್ತಲ್ಲಿ ಗೊತ್ತಿರೋ ಲಾವಾ ಟ್ಯೂಬ್‌ಗಳಲ್ಲೇ, ಅಂದ್ರೆ ಲಾವಾ ಹರಿದು ಖಾಲಿಯಾದ ಸುರಂಗಗಳಲ್ಲೇ, ಅತಿ ಉದ್ದದ್ದು, ಅಳತೆ ಮಾಡಿರೋದೇ 65 ಕಿ.ಮೀ. ಮೇಲಿದೆ ಅಂತ ನಾಲ್ಕೇ ಸಾಲು. ಅದಕ್ಕೆ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ಎಲ್ಲಾ ಸೇರಿಸಿ ನೋಡಿದ್ರೆ ಈ ತಿಂಗಳು ಬೇರೆ ವಿಷಯಕ್ಕೆ ಜಾಗವೇ ಉಳಿದಿಲ್ಲ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿದೀನಿ, ನಿಮ್ಮದು ಬೇರೆಯವರ ಪ್ರಶ್ನೆ ಒಳಗೆ ಸೇರಿಹೋಗಿದ್ರೆ ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಯಾಣ, ಕವಳೆ ಗುಹೆ ಎಲ್ಲಾ ನೀರು ಸುಣ್ಣದ ಕಲ್ಲನ್ನ ಕರಗಿಸಿ ಆಗಿದ್ದು ಅಂತ ಓದಿದೀನಿ. ಆದ್ರೆ ಹರಿಯೋ ಲಾವಾ ಒಳಗೆ ಖಾಲಿ ಜಾಗ ಹೇಗೆ ಉಳಿಯತ್ತೆ? ಗಟ್ಟಿಯಾದ್ರೆ ಪೂರ್ತಿ ಗಟ್ಟಿಯಾಗ್ಬೇಕಲ್ವಾ?
— ಬಿಎಸ್ಸಿ ವಿದ್ಯಾರ್ಥಿನಿ, ಸಾಗರ

ಉತ್ತರ: ಈ ಡೌಟ್ ಬರಲೇಬೇಕು. ಸುಣ್ಣದ ಕಲ್ಲಿನ ಗುಹೇಲಿ ಕಲ್ಲು ಮೊದಲು, ಗುಹೆ ಎಷ್ಟೋ ಕಾಲ ಆದ್ಮೇಲೆ. ಲಾವಾ ಗುಹೇಲಿ ಕಲ್ಲು, ಗುಹೆ ಎರಡೂ ಒಟ್ಟಿಗೇ ಹುಟ್ಟತ್ತೆ, ಕೆಲವು ಸಲ ವಾರಗಳ ಲೆಕ್ಕದಲ್ಲಿ.

ಹವಾಯಿ ಜ್ವಾಲಾಮುಖಿಗಳ ಬಸಾಲ್ಟ್ ಲಾವಾ (ತಣ್ಣಗಾದ್ರೆ ಕರೀಕಲ್ಲಾಗೋದು) ಹೊರಗೆ ಬರುವಾಗ ಸುಮಾರು 1150 ಡಿಗ್ರಿ ಸೆಲ್ಸಿಯಸ್ ಇರತ್ತೆ, ಸಲೀಸಾಗಿ ಹರಿಯತ್ತೆ. ಅದರಲ್ಲಿ ಎರಡು ಜಾತಿ. ನುಣ್ಣಗೆ, ಮಡಿಕೆ ಮಡಿಕೆಯಾಗಿ ಗಟ್ಟಿಯಾಗೋದು ಪಹೋಯ್‌ಹೋಯ್, ಚೂರು ಚೂರಾಗಿ ಮುಳ್ಳು ಮುಳ್ಳಾಗಿ ಉರುಳ್ಕೊಂಡು ಬರೋದು ಆಆ. ಟ್ಯೂಬ್ ಆಗೋದು ಹೆಚ್ಚಾಗಿ ಮೊದಲನೇದ್ರಲ್ಲಿ. ಅಂಥ ಲಾವಾ ಇಳಿಜಾರಲ್ಲಿ ಒಂದು ಕಾಲುವೆ ಮಾಡ್ಕೊಂಡು ಹರೀತಾ ಇರುವಾಗ ಮೇಲ್ಭಾಗಕ್ಕೆ ಗಾಳಿ ತಾಗಿ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟೋ ಹಾಗೆ ಒಂದು ಪದರ ಕಟ್ಕೊಳತ್ತೆ, ಮೊದಲು ಎರಡೂ ದಡದ ಕಡೆಯಿಂದ, ಆಮೇಲೆ ತೇಲ್ಕೊಂಡು ಬಂದ ತುಂಡುಗಳು ಮಧ್ಯದಲ್ಲಿ ಸಿಕ್ಕಾಕೊಂಡು ಒಂದಕ್ಕೊಂದು ಅಂಟಿ ಪೂರ್ತಿ ಮುಚ್ಚೇ ಹೋಗತ್ತೆ. ಇನ್ನೊಂದು ರೀತೀನೂ ಇದೆ. ಇಳಿಜಾರು ಕಮ್ಮಿ ಇರೋ ಕಡೆ ಕಾಲುವೆ ಅಂತ ಏನೂ ಇರಲ್ಲ, ಲಾವಾ ಸಣ್ಣ ಸಣ್ಣ ನಾಲಿಗೆ ಚಾಚ್ತಾ ಹೋಗತ್ತೆ, ಪ್ರತಿಯೊಂದರ ಮೇಲೂ ಸಿಪ್ಪೆ ಗಟ್ಟಿಯಾಗತ್ತೆ, ಒಳಗೆ ಮತ್ತೆ ಲಾವಾ ನುಗ್ಗಿ ಉಬ್ಬಿಸತ್ತೆ, ಕೊನೆಗೆ ಒಳಗಿನ ಒಂದೆರಡು ದಾರಿ ಮಾತ್ರ ಬಿಸಿಯಾಗಿ ಉಳ್ಕೊಂಡು ಅವೇ ಟ್ಯೂಬ್ ಆಗತ್ತೆ.

ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಆ ಮುಚ್ಚಳದಲ್ಲಿ. ಗಟ್ಟಿಯಾದ ಬಸಾಲ್ಟ್ ಶಾಖಾನ ಸುಲಭಕ್ಕೆ ಹೊರಗೆ ಬಿಡಲ್ಲ. ಮುಚ್ಚಳ ಬಿದ್ದ ಮೇಲೆ ಒಳಗಿನ ಲಾವಾ ಒಂದು ಕಿ.ಮೀ. ಹರಿದ್ರೂ ಇಳಿಯೋ ಬಿಸಿ ಹೆಚ್ಚೂಕಮ್ಮಿ 1 ಡಿಗ್ರಿ, ಹವಾಯಿಯ ಕಿಲಾವೇಯಾ ಜ್ವಾಲಾಮುಖೀಲಿ ಇದನ್ನ ಅಳೆದಿದಾರೆ. ಹಾಗಾಗಿ ಮೇಲೆ ಕಲ್ಲು, ಒಳಗೆ ಕೆಂಪಗೆ ಹರಿಯೋ ಲಾವಾ, ಹತ್ತಾರು ಕಿ.ಮೀ. ಹೀಗೇ. ಮೇಲ್ಗಡೆ ಬಾಯಲ್ಲಿ ಲಾವಾ ಬರೋದು ನಿಂತಾಗ ಅಥವಾ ಬೇರೆ ಕಡೆ ತಿರುಗಿದಾಗ ಒಳಗಿದ್ದದ್ದು ಇಳಿಜಾರಿಗೆ ಹರಿದು ಖಾಲಿಯಾಗತ್ತೆ, ಉಳಿಯೋದು ಗುಹೆ. ಹರಿದು ಹೋಗದೆ ಒಳಗೇ ಹೆಪ್ಪುಗಟ್ಟಿದ್ರೆ ಆಗ ನಿಮ್ಮ ಮಾತೇ ಸರಿ, ಪೂರ್ತಿ ಕಲ್ಲು. ಹಾಗೆ ತುಂಬಿಹೋದ ಟ್ಯೂಬ್‌ಗಳೂ ಬೇಕಾದಷ್ಟಿವೆ, ಅವಕ್ಕೆ ಯಾರೂ ಟಿಕೆಟ್ ಇಡಲ್ಲ ಅಷ್ಟೇ.

ತಾರೀಖಿನ ಸಮೇತ ಉದಾಹರಣೆ ಬೇಕಂದ್ರೆ ಹಿಲೋ ಊರಿನ ಪಕ್ಕದ ಕೌಮಾನಾ ಗುಹೆ. 1880ರ ನವೆಂಬರ್‌ನಲ್ಲಿ ಮೌನಾ ಲೋವಾ ಜ್ವಾಲಾಮುಖಿ ಬಾಯಿಬಿಟ್ಟು, ಲಾವಾ ತಿಂಗಳುಗಟ್ಟಲೆ ಹಿಲೋ ಕಡೆಗೆ ಬರ್ತಾನೇ ಇತ್ತು, 1881ರ ಆಗಸ್ಟ್ ಹೊತ್ತಿಗೆ ಊರಿನ ಬಾಗಿಲಲ್ಲಿ ನಿಂತ್ಹೋಯ್ತು. ರಾಜಮನೆತನದ ರೂತ್ ಕೆಎಲಿಕೊಲಾನಿ ಬಂದು ಜ್ವಾಲಾಮುಖಿಗಳ ದೇವಿ ಪೆಲೆಗೆ ಪ್ರಾರ್ಥನೆ ಮಾಡಿ ನಿಲ್ಲಿಸಿದ್ರು ಅಂತ ಅಲ್ಲಿಯವರು ಇವತ್ತಿಗೂ ಹೇಳ್ತಾರೆ. ಬೆಟ್ಟದ ಮೇಲಿಂದ ಅಷ್ಟು ದೂರ ಲಾವಾ ತಣ್ಣಗಾಗದೆ ಬಂದಿದ್ದು ಟ್ಯೂಬ್‌ಗಳ ದೆಸೆಯಿಂದ. ಬ್ರಿಟಿಷರು ಮೈಸೂರು ರಾಜ್ಯಾನ ಒಡೆಯರಿಗೆ ವಾಪಸ್ ಕೊಟ್ಟಿದ್ದೂ ಅದೇ 1881ರಲ್ಲಿ, ಗುಹೆ ಎಷ್ಟು ಹೊಸದು ಅಂತ ನೀವೇ ಲೆಕ್ಕ ಹಾಕ್ಕೊಳಿ. ಕಜುಮುರಾ ಅದಕ್ಕಿಂತ ಹಳೇದು, 15ನೇ ಶತಮಾನದ್ದು, ಕಿಲಾವೇಯಾದ ಒಂದೇ ಸ್ಫೋಟ ಸುಮಾರು 60 ವರ್ಷ ಬಿಡದೆ ಲಾವಾ ಹರಿಸಿದಾಗ ಆಗಿದ್ದು.

ಪ್ರಶ್ನೆ: ಡಿಸೆಂಬರ್ ರಜೆಗೆ ಹವಾಯಿಯ ಬಿಗ್ ಐಲ್ಯಾಂಡ್‌ಗೆ ಹೋಗ್ತಿದೀವಿ. 9 ವರ್ಷದ ಮಗ, 13 ವರ್ಷದ ಮಗಳು. ಈ ಗುಹೆಗಳಿಗೆ ಮಕ್ಕಳನ್ನ ಕರ್ಕೊಂಡು ಹೋಗೋದು ಸೇಫಾ? ಗೈಡ್ ಬೇಕಾ? ಒಳಗೆ ಏನು ನೋಡ್ಬೇಕು? ಮಗ ಹಾವಿರತ್ತಾ ಅಂತ ದಿನಾ ತಲೆ ತಿಂತಿದಾನೆ.
— ಒಬ್ಬ ಓದುಗರು, ಸ್ಯಾನ್ ಹೊಸೆ

ಉತ್ತರ: ಹಾವಿನ ಯೋಚನೆ ಬಿಟ್ಟಾಕಕ್ಕೆ ಹೇಳಿ. ಹವಾಯಿ ನೆಲದಲ್ಲಿ ಮೂಲದಿಂದ ಹಾವೇ ಇಲ್ಲ, ಹೊರಗಿಂದ ಬಂದು ಸೇರ್ಕೊಂಡಿರೋದು ಎರೆಹುಳು ಗಾತ್ರದ ಒಂದು ಕುರುಡು ಹಾವು, ಅದು ಯಾರಿಗೂ ಏನೂ ಮಾಡಲ್ಲ. ನಿಜವಾಗ್ಲೂ ಹೆದರಬೇಕಾಗಿರೋದು ಕಾಲ ಕೆಳಗಿನ ಕಲ್ಲಿಗೆ ಮತ್ತೆ ತಲೆ ಮೇಲಿನ ಕಲ್ಲಿಗೆ.

ಮೊದಲು ನಾಹುಕುಗೆ ಹೋಗಿ, ಹವಾಯಿ ವಾಲ್ಕೇನೋಸ್ ನ್ಯಾಷನಲ್ ಪಾರ್ಕ್ ಒಳಗಿದೆ, ಥರ್ಸ್ಟನ್ ಲಾವಾ ಟ್ಯೂಬ್ ಅಂತಾನೂ ಬೋರ್ಡ್ ಇರತ್ತೆ. ಲೈಟ್ ಹಾಕಿದಾರೆ, ನೆಲ ಸಾಕಷ್ಟು ಸಮ ಇದೆ, ಚಿಕ್ಕ ಮಕ್ಕಳೂ ಆರಾಮಾಗಿ ನಡೀಬಹುದು, ಬೇಗ ಮುಗಿದೂ ಹೋಗತ್ತೆ. ಬೆಳಗ್ಗೆ ಬೇಗ ಹೋಗದಿದ್ರೆ ಪಾರ್ಕಿಂಗ್ ಸಿಗಲ್ಲ. 1913ರಲ್ಲಿ ಪತ್ರಿಕೆ ನಡೆಸ್ತಿದ್ದ ಲೊರಿನ್ ಥರ್ಸ್ಟನ್ ಕಣ್ಣಿಗೆ ಬಿದ್ದಾಗ ಅದರ ಚಾವಣಿ ತುಂಬಾ ಲಾವಾ ತೊಟ್ಟಿಕ್ಕಿ ಗಟ್ಟಿಯಾದ ಕಡ್ಡಿಗಳು ನೇತಾಡ್ತಿದ್ವು, ಬಂದವರೆಲ್ಲಾ ನೆನಪಿಗೆ ಅಂತ ಒಂದೊಂದು ಮುರ್ಕೊಂಡು ಹೋಗಿ ಈಗ ಬೋಳು. ಸುಣ್ಣದ ಕಲ್ಲಿನ ಗುಹೇಲಿ ಮುರಿದ್ರೆ ಸಾವಿರಾರು ವರ್ಷಕ್ಕಾದ್ರೂ ಮತ್ತೆ ಬೆಳೆಯೋ ಸಾಧ್ಯತೆ ಇದೆ. ಇಲ್ಲಿ ಅದೂ ಇಲ್ಲ, ಲಾವಾ ತೊಟ್ಟಿಕ್ಕಿದ್ದು ಒಂದೇ ಸಲ. ಮಗಳಿಗೆ ಇದನ್ನ ಮುಂಚೇನೇ ಹೇಳಿಡಿ, ಆ ವಯಸ್ಸಿನವರ ಕೈ ಸುಮ್ನಿರಲ್ಲ.

ಎರಡನೇದು ಮೇಲೆ ಹೇಳಿದ ಕೌಮಾನಾ. ಚಾವಣಿ ಕುಸಿದು ಆದ ಗುಂಡಿಗೆ ಮೆಟ್ಟಿಲು ಮಾಡಿದಾರೆ, ದುಡ್ಡಿಲ್ಲ, ಲೈಟೂ ಇಲ್ಲ. ಬಾಯಿಂದ ಸ್ವಲ್ಪ ಒಳಗೆ ಹೋಗಿ ವಾಪಸ್ ಬರೋದಾದ್ರೆ ಮಕ್ಕಳ ಜೊತೆ ಪರವಾಗಿಲ್ಲ. ಅದಕ್ಕಿಂತ ಮುಂದೆ ಹೋಗೋದಾದ್ರೆ ಕೇವಿಂಗ್ ಮಾಡೋರ ಹಳೇ ನಿಯಮ ಪಾಲಿಸಿ: ಒಬ್ಬೊಬ್ಬರ ಹತ್ರಾನೂ ಮೂರು ಮೂರು ಲೈಟ್, ತಲೆಗೆ ಹೆಲ್ಮೆಟ್, ಕೈಗೆ ದಪ್ಪ ಗ್ಲೌಸ್, ಮಂಡಿಗೆ ಪ್ಯಾಡ್, ಉದ್ದ ಪ್ಯಾಂಟ್, ಶೂ. ಫೋನಿನ ಟಾರ್ಚ್ ಲೆಕ್ಕಕ್ಕಿಲ್ಲ. ಬಸಾಲ್ಟ್ ಮೇಲೆ ಒಂದ್ಸಲ ಜಾರಿ ಕೈ ಊರಿದ್ರೆ ಗ್ಲೌಸ್ ಯಾಕೆ ಅಂತ ಯಾರೂ ಹೇಳಿಕೊಡ್ಬೇಕಾಗಲ್ಲ. ಚಪ್ಪಲಿ ಹಾಕ್ಕೊಂಡು ಇಳಿಯೋರನ್ನ ಅಲ್ಲಿ ಖಂಡಿತ ನೋಡ್ತೀರ, ಅವರ ಹಿಂದೆ ಹೋಗ್ಬೇಡಿ.

ಕಜುಮುರಾಗೆ ಗೈಡ್ ಜೊತೆ ಮಾತ್ರ. ಅದರ ಬಾಯಿಗಳು ಹೆಚ್ಚಿನವು ಖಾಸಗಿ ಜಮೀನಲ್ಲಿವೆ, ಹೇಳದೆ ಕೇಳದೆ ಇಳಿಯೋ ಹಾಗಿಲ್ಲ. ಹವಾಯಿ ಜನ ತಮ್ಮ ಹಿರಿಯರ ಮೂಳೆಗಳನ್ನ ಇಂಥ ಗುಹೆಗಳಲ್ಲಿ ಇಡ್ತಿದ್ರು, 2002ರಿಂದ ಗುಹೆಗಳ ರಕ್ಷಣೆಗೆ ಅಂತಲೇ ರಾಜ್ಯದ ಕಾನೂನಿದೆ. ಎಲ್ಲಾದ್ರೂ ಮೂಳೆ ಕಂಡ್ರೆ ಫೋಟೋ ಕೂಡ ತೆಗೀದೆ ಹಿಂದೆ ಬಂದ್ಬಿಡಿ.

ಇನ್ನು ಏನು ನೋಡ್ಬೇಕು ಅಂತ. ಬಂದವರು ಒಳಗೆ ಹೋಗಿ ಓ ಕತ್ತಲೆ ಅಂದು ಸೆಲ್ಫಿ ತೆಗೆದು ವಾಪಸ್ ಬರ್ತಾರೆ, ಗೋಡೆ ನೋಡೋರು ಕಮ್ಮಿ. ನೀವು ಟಾರ್ಚನ್ನ ಗೋಡೆಗೆ ನೇರ ಹಿಡೀದೆ ಪಕ್ಕದಿಂದ ಓರೆಯಾಗಿ ಹಿಡೀರಿ, ಆಗ ಉದ್ದಕ್ಕೂ ಅಡ್ಡಗೆರೆಗಳು ಎದ್ದು ಕಾಣತ್ತೆ, ಒಂದರ ಕೆಳಗೊಂದು. ಲಾವಾ ಮಟ್ಟ ಇಳೀತಾ ಇಳೀತಾ ಎಲ್ಲೆಲ್ಲಿ ಸ್ವಲ್ಪ ಹೊತ್ತು ನಿಂತಿತ್ತೋ ಅಲ್ಲಲ್ಲಿ ಒಂದು ಗೆರೆ, ತುಂಬಾ ಹೊತ್ತು ನಿಂತಿದ್ದ ಕಡೆ ಕೂರಬಹುದಾದಷ್ಟು ಅಗಲದ ಜಗಲಿ. ಕೆಲವು ಕಡೆ ಗೋಡೆ ಹೊಳೀತಿರತ್ತೆ, ಒಳಗಿನ ಬಿಸಿಗೆ ಮೇಲ್ಮೈ ಮತ್ತೆ ಕರಗಿ ಗಾಜಿನ ಹಾಗಾಗಿದ್ದು. ಗೋಡೆಯ ಪದರ ಇನ್ನೂ ಮೆತ್ತಗಿರುವಾಗ್ಲೇ ಕಳಚಿ ಕೆಳಗೆ ಸುರುಳಿ ಸುತ್ಕೊಂಡು ಬಿದ್ದಿರೋದೂ ಸಿಗತ್ತೆ, ಮಕ್ಕಳು ಅದನ್ನ ಬೇಗ ಕಂಡುಹಿಡೀತಾರೆ. ಕಜುಮುರಾದಲ್ಲಾದ್ರೆ ಒಣಗಿದ ಲಾವಾ ಜಲಪಾತಗಳಿವೆ, ಬಿದ್ದ ಜಾಗದಲ್ಲಿ ಮಡು ಕೊರೆದಿದೆ. ಒಂದೇ ದಾರೀಲಿ ಬಹಳ ಕಾಲ ಹರಿದ ಲಾವಾ ತನ್ನ ತಳದ ಕಲ್ಲನ್ನೇ ಕರಗಿಸಿ, ಕಿತ್ತು, ಕೆಳಗೆ ಕೆಳಗೆ ಇಳಿಯತ್ತೆ, ಅದಕ್ಕೇ ಕೆಲವು ಕಡೆ ಗುಹೆ ಅಗಲಕ್ಕಿಂತ ಎತ್ತರ ಜಾಸ್ತಿ.

ಪ್ರಶ್ನೆ: ನಮ್ ಕಡೆ ಹೊಲ, ಮನಿ, ಗೋಳಗುಮ್ಮಟ ಎಲ್ಲಾ ಕರೀಕಲ್ಲಿನ ಮ್ಯಾಲೇ ಐತ್ರಿ. ಅದೂ ಲಾವಾನ ಅಂತಾರ. ಹಂಗಿದ್ರ ಇಲ್ಲಿ ಲಾವಾ ಗವಿ ಯಾಕ ಇಲ್ರಿ? ಅಜಂತಾ, ಎಲ್ಲೋರಾ ಗವಿ ಇಂಥಾವೇ ಏನು?
— ನಿವೃತ್ತ ಶಿಕ್ಷಕರು, ವಿಜಯಪುರ

ಉತ್ತರ: ಗುರುಗಳೇ, ಎರಡನೇದಕ್ಕೆ ಮೊದಲು ಉತ್ತರ: ಅಲ್ಲ. ಕಲ್ಲು ಲಾವಾದ್ದೇ, ಗವಿ ಮಾತ್ರ ಉಳಿ ಸುತ್ತಿಗೆಯದ್ದು. ಎಲ್ಲೋರಾದ ಕೈಲಾಸ ನಮ್ಮ ರಾಷ್ಟ್ರಕೂಟರು 8ನೇ ಶತಮಾನದಲ್ಲಿ ಬಸಾಲ್ಟ್ ಗುಡ್ಡಾನ ಮೇಲಿಂದ ಕೆಳಕ್ಕೆ ಕಡಿದು ಮಾಡಿಸಿದ್ದು. ಆಮೇಲೆ ಅವರ ರಾಜಧಾನಿ ಆದ ಮಳಖೇಡ ನಿಮ್ಮ ಪಕ್ಕದ ಜಿಲ್ಲೇಲೇ ಇದೆ.

ಮೊದಲನೇ ಪ್ರಶ್ನೆ ಕಷ್ಟದ್ದು, ಚೆನ್ನಾಗಿದೆ. ನಿಮ್ಮ ಕಾಲ ಕೆಳಗಿರೋ ಡೆಕ್ಕನ್ ಟ್ರ್ಯಾಪ್ ಅನ್ನೋ ಲಾವಾ ಕಲ್ಲಿನ ಹಾಸು ಸುಮಾರು 6.6 ಕೋಟಿ ವರ್ಷ ಹಳೇದು. ಖಾಲಿ ಟ್ಯೂಬ್ ಒಂದು ಅಷ್ಟು ಕಾಲ ನಿಲ್ಲೋದು ದೊಡ್ಡ ಮಾತು. ಆಸ್ಟ್ರೇಲಿಯಾದ ಉಂಡಾರಾ ಲಾವಾ ಹರಿದಿದ್ದು ಸುಮಾರು 1,90,000 ವರ್ಷದ ಹಿಂದೆ, ಭೂಮಿಯ ಲೆಕ್ಕದಲ್ಲಿ ಮೊನ್ನೆ, ಅದರಲ್ಲೇ ಎಷ್ಟೋ ಕಡೆ ಚಾವಣಿ ಕುಸಿದು ಹಳ್ಳ ಆಗಿ ಒಳಗೆ ಕಾಡು ಬೆಳೆದಿದೆ. ಡೆಕ್ಕನ್‌ನಲ್ಲಿ ಒಂದು ಲಾವಾ ಪದರದ ಮೇಲೆ ಇನ್ನೊಂದು ಬಂದು ಕೂತಿದೆ, ಹಾಗಾಗಿ ಖಾಲಿ ಇದ್ದ ಜಾಗ ಭಾರಕ್ಕೆ ಕುಸಿದಿರತ್ತೆ, ಇಲ್ಲಾ ಹೊಸ ಲಾವಾ ನುಗ್ಗಿ ತುಂಬಿರತ್ತೆ. ಸಣ್ಣ ಪುಟ್ಟ ಗುಳ್ಳೆ, ಪೊಳ್ಳುಗಳನ್ನ ನೀರಲ್ಲಿ ಬಂದ ಖನಿಜ ತುಂಬಿದೆ, ಬಾವಿ ತೋಡುವಾಗ ಸಿಗೋ ಬಿಳೀ ಹರಳುಗಳಲ್ಲಿ ಎಷ್ಟೋ ಜಿಯೋಲೈಟ್ ಅನ್ನೋ ಅಂಥ ಖನಿಜಗಳೇ. ಜೊತೆಗೆ ಅಲ್ಲಿ ಲಾವಾ ಹವಾಯಿ ಹಾಗೆ ಬೆಟ್ಟದ ಇಳಿಜಾರಲ್ಲಿ ಇಳಿದಿದ್ದಲ್ಲ, ಹೆಚ್ಚಾಗಿ ಸಮತಟ್ಟು ನೆಲದ ಮೇಲೆ ಉಬ್ಬುತ್ತಾ ಹರಡಿದ್ದು, ಖಾಲಿಯಾಗಕ್ಕೆ ಇಳಿಜಾರೇ ಸಾಲದು. ಮಹಾರಾಷ್ಟ್ರದಲ್ಲಿ ಕೆಲವು ಉದ್ದನೆ ಬಸಾಲ್ಟ್ ದಿಣ್ಣೆಗಳನ್ನ ಹಳೇ ಟ್ಯೂಬ್ ಅಂತ ಕೆಲವು ಭೂವಿಜ್ಞಾನಿಗಳು ಬರೆದಿದಾರೆ, ಅವು ಟ್ಯೂಬ್ ಅಲ್ಲ, ಬಿರುಕಲ್ಲಿ ನುಗ್ಗಿ ಗಟ್ಟಿಯಾದ ಡೈಕ್ ಅಂತ ಇನ್ನು ಕೆಲವರು ವಾದಿಸಿದಾರೆ. ನನಗೇನೋ ಡೈಕ್ ಕಡೆಯವರ ವಾದಾನೇ ಹೆಚ್ಚು ಒಪ್ಪಿಗೆ ಆಗತ್ತೆ, ಕಾಲುವೆ ಅಂದ ಮೇಲೆ ಅಂಕುಡೊಂಕು ಇರ್ಬೇಕಲ್ವಾ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ಕೂಡ ಲಾವಾದ್ದೇ ಅಲ್ವಾ, ಅಲ್ಲಿ ಟ್ಯೂಬ್ ಇದೆಯಾ?
— ಉಡುಪಿ

ಉತ್ತರ: ಲಾವಾದ್ದೇ, ಸುಮಾರು 8.8 ಕೋಟಿ ವರ್ಷ ಹಿಂದಿನದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಟ್ಯೂಬ್ ಇಲ್ಲ. ಅಲ್ಲಿರೋ ಕಂಬಗಳು ಲಾವಾ ತಣ್ಣಗಾಗುವಾಗ ಕುಗ್ಗಿ ಬಿರುಕು ಬಿಟ್ಟು ಆಗಿದ್ದು, ಅಲ್ಲದೆ ಅದು ಬಸಾಲ್ಟ್ ಅಲ್ಲ, ಸಿಲಿಕಾ ಜಾಸ್ತಿ ಇರೋ ಅಂಟು ಲಾವಾ. ಉದ್ದ ಟ್ಯೂಬ್ ಮಾಡೋ ಹರಿವು ಅದಕ್ಕಿರಲ್ಲ.

ಪ್ರಶ್ನೆ: ಮಣ್ಣಿಲ್ಲ, ಬೆಳಕಿಲ್ಲ, ಸುಟ್ಟ ಕಲ್ಲು. ಇಂಥ ಕಡೆ ಜೀವ ಇರಕ್ಕೆ ಸಾಧ್ಯನಾ?
— ಬಯಾಲಜಿ ಲೆಕ್ಚರರ್, ಬೆಂಗಳೂರು

ಉತ್ತರ: ಇರಲ್ಲ ಅಂತಾನೇ ಬಹಳ ಕಾಲ ಅನ್ಕೊಂಡಿದ್ರು. ಹವಾಯಿ ಗುಹೆಗಳು ತೀರಾ ಹೊಸವು, ದ್ವೀಪಗಳೂ ಹೊಸವು, ಕಣ್ಣು ಕಳ್ಕೊಳ್ಳೋ ಮಟ್ಟಕ್ಕೆ ಜೀವಿಗಳು ಬದಲಾಗಕ್ಕೆ ಟೈಮೇ ಸಿಕ್ಕಿಲ್ಲ ಅಂತ. 1971ರಲ್ಲಿ ಫ್ರಾನ್ಸಿಸ್ ಹೋವರ್ತ್ ಅನ್ನೋ ಕೀಟತಜ್ಞರು ಅಲ್ಲೇ ಕುರುಡು ಕೀಟಗಳನ್ನ ಹುಡುಕಿ ತೆಗೆದ ಮೇಲೆ ಆ ಮಾತು ಬಿದ್ದೋಯ್ತು. ಊಟ ಬರೋದು ಮೇಲಿಂದ. ಓಹಿಯಾ ಮರದ ಬೇರು ಚಾವಣಿಯ ಬಿರುಕಲ್ಲಿ ತೂರ್ಕೊಂಡು ಗುಹೆ ಒಳಗೆ ಗೊಂಚಲು ಗೊಂಚಲಾಗಿ ಇಳಿಬಿದ್ದಿರತ್ತೆ, ಅದರ ರಸ ಹೀರ್ಕೊಂಡು ಬದುಕೋ ಒಂದು ಜಿಗಿಹುಳ ಇದೆ, ನಮ್ಮ ಭತ್ತದ ಗದ್ದೆ ಜಿಗಿಹುಳದ ದೂರದ ನೆಂಟ. ಬಣ್ಣ ಇಲ್ಲ, ಕಣ್ಣಿಲ್ಲ, ಹಾರಲ್ಲ. ಗಂಡು ಹೆಣ್ಣು ಒಂದನ್ನೊಂದು ಹುಡುಕೋದು ಬೇರನ್ನ ಮಿಡಿಸಿ, ಆ ಕಂಪನ ಬೇರಿನುದ್ದಕ್ಕೂ ಹೋಗಿ ಇನ್ನೊಂದಕ್ಕೆ ತಲುಪತ್ತೆ. ಮೇಲೆ ಮರ ಕಡಿದ್ರೆ ಕೆಳಗೆ ಇದರ ಕಥೆ ಮುಗೀತು. ಗೋಡೆ ಮೇಲೆ ಬಿಳಿ, ಹಳದಿ ಮಚ್ಚೆಗಳು ಕಂಡ್ರೆ ಅದನ್ನ ಬಣ್ಣ ಅನ್ಕೋಬೇಡಿ, ಎಷ್ಟೋ ಕಡೆ ಅದು ಬ್ಯಾಕ್ಟೀರಿಯಾ, ಮುಟ್ಟಿದ್ರೆ ಕೈಗುರುತು ಹಾಗೇ ಉಳಿಯತ್ತೆ.

ಇನ್ನೊಂದು ನನಗೆ ಬಹಳ ಇಷ್ಟದ ಜಾಗ ಸ್ಪೇನ್‌ನ ಲಾಂಜರೋಟೆ ದ್ವೀಪ. ಅಲ್ಲಿನ ಕೊರೋನಾ ಜ್ವಾಲಾಮುಖಿಯ ಟ್ಯೂಬ್ ಸಮುದ್ರದ ತಳದ ಕೆಳಗೂ ಒಂದೂವರೆ ಕಿ.ಮೀ. ಮುಂದುವರಿಯತ್ತೆ, ಯಾಕಂದ್ರೆ ಅದು ಆಗಿದ್ದು ಸುಮಾರು 21,000 ವರ್ಷದ ಹಿಂದೆ, ಹಿಮಯುಗದಲ್ಲಿ, ಆಗ ಸಮುದ್ರ ಮಟ್ಟ ಎಷ್ಟೋ ಕೆಳಗಿತ್ತು. ಈಗ ನೀರು ತುಂಬಿರೋ ಅದರ ಒಂದು ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಬಿಳೀ ಕುರುಡು ಏಡಿಗಳಿವೆ. ಟೂರಿಸ್ಟುಗಳು ನೀರಿಗೆ ಕಾಸು ಎಸೆದು ಎಸೆದು ಆ ಲೋಹ ಅವಕ್ಕೆ ವಿಷ ಆಗ್ತಿತ್ತು, ಈಗ ಕಾಸು ಹಾಕ್ಬೇಡಿ ಅಂತ ಬೋರ್ಡ್ ಹಾಕಿದಾರೆ. ಹರಕೆ ಕಾಸು ನಮ್ಮವರ ಅಭ್ಯಾಸ ಮಾತ್ರ ಅಲ್ಲ ನೋಡಿ.

ಪ್ರಶ್ನೆ: ಹಿಂದಿನ ಕಾಲದಲ್ಲಿ ಜನ ಇವುಗಳಲ್ಲಿ ವಾಸ ಮಾಡ್ತಿದ್ರಾ?
— ಹಾಸನ, ಮತ್ತೆ ಇದನ್ನೇ ಕೇಳಿರೋ ಇನ್ನೂ ಕೆಲವರು

ಉತ್ತರ: ವಾಸಕ್ಕಿಂತ ತಂಗಕ್ಕೆ, ಅಡಗಕ್ಕೆ, ಪೂಜೆಗೆ. ಸೌದಿಯ ಉಮ್ ಜಿರ್ಸಾನ್ ಟ್ಯೂಬ್ ಸುಮಾರು ಒಂದೂವರೆ ಕಿ.ಮೀ. ಉದ್ದ, ಅಲ್ಲಿ ಸಾವಿರಾರು ವರ್ಷ ಪಶುಪಾಲಕರು ಬಂದು ಹೋಗಿ ಮಾಡ್ತಿದ್ದ ಗುರುತುಗಳು ಸಿಕ್ಕಿವೆ ಅಂತ 2024ರಲ್ಲಿ ವರದಿ ಬಂತು. ಮರುಭೂಮೀಲಿ ನೆರಳು ಅಂದ್ರೆ ಸಾಮಾನ್ಯನಾ. ಐಸ್‌ಲ್ಯಾಂಡಿನ ಸುರ್ಟ್ಸ್‌ಹೆಲ್ಲಿರ್ ಕಥೆ ಬೇರೆ. ವೈಕಿಂಗರು ಅಲ್ಲಿಗೆ ಬಂದು ನೆಲೆ ಊರ್ತಿದ್ದ ಕಾಲದಲ್ಲೇ ಆ ಲಾವಾ ಹರಿದು ಗುಹೆ ಆಯ್ತು, ಅವರು ಅದಕ್ಕೆ ಬೆಂಕಿ ದೈತ್ಯ ಸುರ್ಟರ್ ಹೆಸರಿಟ್ರು, ಒಳಗೆ ಕತ್ತಲಲ್ಲಿ ಕಲ್ಲು ಜೋಡಿಸಿ ಕಟ್ಟೆ ಮಾಡಿ ಪ್ರಾಣಿಗಳ ಮೂಳೆ ಸುಟ್ಟಿದಾರೆ. ನೆಲವೇ ಹರಿಯೋದನ್ನ ಕಣ್ಣಾರೆ ನೋಡಿದವರು ಹಾಗೆ ಮಾಡಿದ್ರಲ್ಲಿ ಆಶ್ಚರ್ಯ ಏನಿಲ್ಲ.

ಪ್ರಶ್ನೆ: ಚಂದ್ರನ ಮೇಲೆ ಇಂಥ ಗುಹೆ ಇದೆ, ಚಂದ್ರಯಾನ ಕಂಡುಹಿಡಿದಿದೆ ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ. ನಿಜನಾ? ಮನುಷ್ಯರು ಅಲ್ಲಿ ಇರಬಹುದಾ?
— ತುಮಕೂರು

ಉತ್ತರ: ಅಪರೂಪಕ್ಕೆ ಒಂದು ಫಾರ್ವರ್ಡ್ ಅರ್ಧಕ್ಕಿಂತ ಜಾಸ್ತಿ ನಿಜ. ಬೆಂಗಳೂರಲ್ಲಿ ತಯಾರಾಗಿ 2008ರ ಅಕ್ಟೋಬರ್‌ನಲ್ಲಿ ಹೋದ ಚಂದ್ರಯಾನ-1ರಲ್ಲಿ 5 ಮೀಟರ್ ಗಾತ್ರದ ವಿವರ ತೋರಿಸೋ ಕ್ಯಾಮೆರಾ ಇತ್ತು, ಚಿತ್ರಗಳು ಇಳಿದಿದ್ದು ನಮ್ಮ ಬ್ಯಾಲಾಳು ಆಂಟೆನಾಗೆ. ಅದರ ಚಿತ್ರಗಳಲ್ಲಿ ಅಹಮದಾಬಾದಿನ ಇಸ್ರೋ ವಿಜ್ಞಾನಿಗಳು ಒಂದು ಹಳೇ ಲಾವಾ ಕಾಲುವೆ ಗಮನಿಸಿದ್ರು, ಎರಡು ಕಡೆ ಕುಸಿದು ಹಳ್ಳ ಆಗಿದೆ, ಮಧ್ಯದ ತುಂಡು ಮಾತ್ರ ಕುಸೀದೆ ನಿಂತಿದೆ. ಹಾಗಾದ್ರೆ ಅದರ ಕೆಳಗೆ ಟ್ಯೂಬ್ ಇರ್ಬೇಕು ಅಂತ 2011ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೇಲಿ ಬರೆದ್ರು. ಒಳಗೆ ಹೋಗಿ ನೋಡಿದ್ದಲ್ಲ, ಮೇಲಿನ ಆಕಾರ ನೋಡಿ ಮಾಡಿದ ಊಹೆ, ಫಾರ್ವರ್ಡ್‌ನಲ್ಲಿ ಬಿಟ್ಟಿರೋದು ಇದನ್ನೇ.

ಬಾಯಿ ತೆರೆದಿರೋ ಗುಂಡಿ ಮೊದಲು ಕಂಡಿದ್ದು ಜಪಾನಿನ ಕಗುಯಾ ನೌಕೆಗೆ, ಮಾರಿಯಸ್ ಹಿಲ್ಸ್ ಅನ್ನೋ ಕಡೆ, 2009ರಲ್ಲಿ ಸುದ್ದಿ ಆಯ್ತು. ಆಮೇಲೆ ನಾಸಾ ನೌಕೆ ಇಂಥ ಗುಂಡಿಗಳನ್ನ 200ಕ್ಕೂ ಹೆಚ್ಚು ತೋರಿಸಿದೆ. ಅಪೋಲೋ 11 ಇಳಿದ ಬಯಲಿನಲ್ಲೇ ಸುಮಾರು 100 ಮೀಟರ್ ಅಗಲದ ಒಂದು ಗುಂಡಿ ಇದೆ, ಅದರ ಹಳೇ ರೇಡಾರ್ ಡೇಟಾವನ್ನ ಮತ್ತೆ ಕೆದಕಿ ನೋಡಿ, ತಳದಿಂದ ಪಕ್ಕಕ್ಕೆ ಹತ್ತಾರು ಮೀಟರ್ ಸುರಂಗ ಹೋಗಿದೆ ಅಂತ 2024ರಲ್ಲಿ ಇಟಲಿಯ ತಂಡ ತೋರಿಸ್ತು. ಚಂದ್ರನ ನೆಲದ ಮೇಲೆ ಹಗಲು 120 ಡಿಗ್ರಿ ದಾಟತ್ತೆ, ರಾತ್ರಿ ಮೈನಸ್ 170ರ ಆಸುಪಾಸು. ಆ ಗುಂಡಿಯ ನೆರಳಿನ ಭಾಗದಲ್ಲಿ ಮಾತ್ರ 17 ಡಿಗ್ರಿ ಹತ್ತಿರ ನಿಂತಿರತ್ತೆ ಅಂತ 2022ರ ಲೆಕ್ಕ. ಬೆಂಗಳೂರಿನ ಜನವರಿ ಬೆಳಗ್ಗೆ ಅಷ್ಟು. ಮೇಲಿನ ಕಲ್ಲು ರೇಡಿಯೇಷನ್ ತಡೆಯತ್ತೆ, ಉಲ್ಕೆ ಚೂರು ತಡೆಯತ್ತೆ. ಆದ್ರೆ ಗಾಳಿ ಇಲ್ಲ, ನೀರಿಲ್ಲ, 100 ಮೀಟರ್ ಆಳಕ್ಕೆ ಸಾಮಾನು ಇಳಿಸಬೇಕು, ಕುಸಿದ ಕಲ್ಲು ದಾಟಬೇಕು. ಮನೆ ಕಟ್ಟೋ ಚಿತ್ರ ಬರೆಯೋರು ಈ ಇಳಿಯೋ ಭಾಗಾನ ಯಾವಾಗ್ಲೂ ಹಾರಿಸ್ಬಿಡ್ತಾರೆ. ಯುರೋಪಿನ ಸ್ಪೇಸ್ ಏಜೆನ್ಸಿ ತನ್ನ ಗಗನಯಾತ್ರಿಗಳಿಗೆ ಭೂವಿಜ್ಞಾನ ಕಲಿಸಕ್ಕೆ ಲಾಂಜರೋಟೆಗೆ ಕರ್ಕೊಂಡು ಹೋಗತ್ತೆ, ಸದ್ಯಕ್ಕೆ ಅಭ್ಯಾಸ ಅಲ್ಲಿಗೇ.

ಪ್ರಶ್ನೆ: 65 ಕಿ.ಮೀ. ಕತ್ತಲಲ್ಲಿ ಹೇಗೆ ಅಳೀತಾರೆ? ಜಿಪಿಎಸ್ ಸಿಗಲ್ವಲ್ಲ.
— ಸರ್ವೆ ಇಲಾಖೆಯಿಂದ ರಿಟೈರ್ ಆದವರು, ಶಿವಮೊಗ್ಗ

ಉತ್ತರ: ಸರ್, ನೀವು ಮಾಡ್ತಿದ್ದ ಕೆಲಸಾನೇ, ಮಂಡಿ ಮೇಲೆ ಮಾಡೋದು. ಒಂದು ಪಾಯಿಂಟಿಂದ ಇನ್ನೊಂದಕ್ಕೆ ದೂರ, ದಿಕ್ಕು, ಇಳಿಜಾರು ಬರ್ಕೊಳೋದು, ಅಲ್ಲಿಂದ ಮುಂದಿನದಕ್ಕೆ. ಮೊದಲು ಟೇಪ್, ಕಂಪಾಸ್, ಕ್ಲೈನೋಮೀಟರ್, ಈಗ ಮೂರನ್ನೂ ಒಂದೇ ಲೇಸರ್ ಯಂತ್ರ ಅಳೆಯತ್ತೆ. ಜೊತೆಗೊಬ್ಬರು ಕೂತ್ಕೊಂಡು ಗೋಡೆ, ಜಗಲಿ, ಬಿದ್ದ ಕಲ್ಲು ಎಲ್ಲಾ ಸ್ಕೆಚ್ ಮಾಡ್ತಾರೆ, ನಿಧಾನ ಆಗೋದೇ ಅಲ್ಲಿ. ಲಾವಾ ಗುಹೇಲಿ ಒಂದು ವಿಶೇಷ ಕಾಟ ಇದೆ. ಬಸಾಲ್ಟ್‌ನಲ್ಲಿ ಮ್ಯಾಗ್ನಟೈಟ್ ಅನ್ನೋ ಅಯಸ್ಕಾಂತದ ಗುಣದ ಖನಿಜ ಇರತ್ತಲ್ಲ, ಕಂಪಾಸ್ ಮುಳ್ಳು ಗೋಡೆ ಹತ್ರ ಹೋದ್ರೆ ತನ್ನಿಷ್ಟಕ್ಕೆ ತಿರುಗತ್ತೆ, ಅದಕ್ಕೇ ಮುಂದಕ್ಕೊಮ್ಮೆ ನೋಡಿ, ಆ ಪಾಯಿಂಟಿಗೆ ಹೋಗಿ ಹಿಂದಕ್ಕೊಮ್ಮೆ ನೋಡಿ ತಾಳೆ ಹಾಕ್ತಾರೆ, ತಾಳೆ ಆಗದಿದ್ರೆ ಮತ್ತೆ ಮೊದಲಿಂದ.

1990ರ ದಶಕದಲ್ಲಿ ಹೀಗೆ ಅಳೀತಾ ಹೋದಾಗ್ಲೇ ಬೇರೆ ಬೇರೆ ಹೆಸರಿದ್ದ ಗುಹೆಗಳು ಒಂದೇ ಕಜುಮುರಾದ ತುಂಡುಗಳು ಅಂತ ಗೊತ್ತಾಗಿದ್ದು. ತುದಿಯಿಂದ ತುದಿಗೆ ನೇರ ಅಳೆದ್ರೆ ಸುಮಾರು 32 ಕಿ.ಮೀ., ಉಳಿದಿದ್ದೆಲ್ಲಾ ಕವಲು ಮತ್ತೆ ಮಹಡಿ ಮಹಡಿಯಾಗಿರೋ ದಾರಿಗಳು. ಮೇಲಿನ ತುದಿಗೂ ಕೆಳಗಿನ ತುದಿಗೂ ಎತ್ತರದ ವ್ಯತ್ಯಾಸ 1,100 ಮೀಟರ್, ಆದ್ರೂ ಸರಾಸರಿ ಇಳಿಜಾರು 2 ಡಿಗ್ರಿ ಅಷ್ಟೇ. ಬಾಯಿಗಳು ನೂರರ ಹತ್ರ ಇವೆ. ಅದರ ಮೇಲೆ ಈಗ ಸೈಟ್ ಮಾಡಿ ಮನೆಗಳು ಎದ್ದಿವೆ, ಕೆಲವು ಕಡೆ ಮನೆಗಳ ಶೌಚದ ಗುಂಡಿ ನೀರು ಸೀದಾ ಗುಹೆಗೆ ಇಳಿಯತ್ತೆ, ಕಸಾನೂ ಎಸೀತಾರೆ. ಸರ್ವೆ ಮಾಡೋರು ನಕ್ಷೇಲಿ ಅದನ್ನೂ ಗುರುತು ಹಾಕ್ಕೊಂಡು, ಮೂಗು ಮುಚ್ಕೊಂಡು ಮುಂದಿನ ಪಾಯಿಂಟಿಗೆ ಹೋಗ್ತಾರೆ.